ಘಟ್ಟ, ಗಾಳಿ, ಮೋಟಾರು: ನೀಲಗಿರಿಯ ದಾರಿಯ ಒಂದು ಚರಿತ್ರೆ

ನೀಲಗಿರಿಯ ಚರಿತ್ರೆ ಬರೆದವರಿಗೆ ಕೊರತೆಯಿಲ್ಲ. ಕಲೆಕ್ಟರರು ಬರೆದಿದ್ದಾರೆ, ಪಾದ್ರಿಗಳು ಬರೆದಿದ್ದಾರೆ, ಬೇಟೆಗಾರರೂ ಬರೆದಿದ್ದಾರೆ. ತೋದವರ ಎಮ್ಮೆಗಳು, ಚಹಾ ತೋಟಗಳು, ದೊರೆಗಳ ಬಂಗಲೆಗಳು ಎಲ್ಲವೂ ಪುಸ್ತಕಕ್ಕೆ ಏರಿವೆ. ಆದರೆ ಈ ಬೆಟ್ಟದ ತಿರುವುಗಳಲ್ಲಿ ಬಾನೆಟ್ಟು ಎತ್ತಿಟ್ಟುಕೊಂಡು, ತಲೆಯ ಮೇಲೆ ಕೈಹೊತ್ತು ನಿಂತವರ ಚರಿತ್ರೆಯನ್ನು ಯಾರೂ ಬರೆದಂತಿಲ್ಲ. ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇಂಜಿನಿನ ಸದ್ದಿಗೆ ಕಿವಿಗೊಟ್ಟು, ‘ರೋಗ ಇಂಥದು’ ಎಂದು ಹೇಳಿದ ಮೇಸ್ತ್ರಿಗಳ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ. ಗೂಡಲೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರೊಬ್ಬರ ಮಗನಾದ ನನಗೆ ಈ ಕೊರತೆ ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಅದನ್ನು ಅಲ್ಪಸ್ವಲ್ಪವಾದರೂ ತುಂಬುವ ಪ್ರಯತ್ನವೇ ಈ ಬರಹ.

ದಾರಿಗಳು ಬಂದ ಬಗೆ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಕೋತಗಿರಿಯ ಕಡೆಗೆ ಬಂದ. 1822ರಲ್ಲಿ ಉದಕಮಂಡಲದಲ್ಲಿ ತನ್ನ ಕಲ್ಲಿನ ಮನೆಗೆ ಕೈಹಾಕಿದ. ಅಲ್ಲಿಂದಾಚೆಗೆ ಈ ಬೆಟ್ಟದ ಮೇಲೆ ಮನೆಗಳು ಎದ್ದವು. ಆದರೆ ಹತ್ತುವ ದಾರಿ ಮಾತ್ರ ಬಹುಕಾಲ ಮನುಷ್ಯನ ಹೆಗಲು ಮತ್ತು ಎತ್ತಿನ ಕೊರಳನ್ನೇ ನಂಬಿತ್ತು. 1834ರಲ್ಲಿ ಮೆಕಾಲೆ ಮದರಾಸಿನಲ್ಲಿ ಹಡಗಿನಿಂದಿಳಿದು ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಊಟಿಗೆ ಬಂದದ್ದು ಬೆಂಗಳೂರು, ಮೈಸೂರಿನ ದಾರಿಯಾಗಿ, ಅದೂ ಪಲ್ಲಕ್ಕಿಯಲ್ಲಿ. ನಮ್ಮ ಶಾಲೆಗಳಲ್ಲಿ ಯಾವ ಭಾಷೆ ನಡೆಯಬೇಕೆಂದು ಮರುವರ್ಷ ತೀರ್ಪು ಬರೆದವನನ್ನು ಬೆಟ್ಟ ಹತ್ತಿಸಿದ್ದು ಈ ನೆಲದ ಬೋಯಿಗಳ ಹೆಗಲು. ಅವರು ಉಬ್ಬಸ ಬಿಡುತ್ತಾ ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ, ಒಳಗಿದ್ದವನಿಗೆ ತಿಳಿಯಲಿಲ್ಲ.

1870ರಿಂದ ಮದರಾಸು ಸರಕಾರ ಬೇಸಗೆಗೆ ಊಟಿಗೆ ಬರತೊಡಗಿತು. ಮೈಸೂರಿನ ಅರಸರು 1873ರಲ್ಲಿ ಫರ್ನ್‌ಹಿಲ್ ಬಂಗಲೆಯನ್ನು ಕೊಂಡರು. ಮಲಬಾರಿಗೆ ಸೇರಿದ್ದ ಆಗ್ನೇಯ ವಯನಾಡಿನ ಅಂಶಗಳು 1877ರಲ್ಲಿ ನೀಲಗಿರಿಗೆ ಸೇರಿ, ಗೂಡಲೂರು ಈ ಜಿಲ್ಲೆಯ ಊರಾಯಿತು. ಮೇಟ್ಟುಪಾಳ್ಯದಿಂದ ಹೊರಟ ಹಲ್ಲುಹಳಿಯ ರೈಲು 1899ರಲ್ಲಿ ಕೂನೂರು ಮುಟ್ಟಿ, 1908ರಲ್ಲಿ ಊಟಿ ಸೇರಿತು. ಸುಮಾರು 46 ಕಿಲೋಮೀಟರು ದಾರಿ. ಕೂನೂರಿನವರೆಗಿನ ಕಡಿದಾದ ಭಾಗದಲ್ಲಿ ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದಡಿ ಮೇಲೇರುವ ಏರು. ಅಲ್ಲಿ ಇಂಜಿನು ಡಬ್ಬಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ.

ನಮ್ಮ ಕಡೆಯ ದಾರಿಗಳು ಎರಡು. ಒಂದು, ಊಟಿಯಿಂದ ಪೈಕಾರ, ನಡುವಟ್ಟ ದಾಟಿ ಗೂಡಲೂರಿಗೆ ಇಳಿಯುವುದು. ಅಲ್ಲಿಂದ ಒಂದು ಕವಲು ವಯನಾಡು, ನಿಲಂಬೂರಿನ ಕಡೆಗೂ ಇನ್ನೊಂದು ತೆಪ್ಪಕಾಡು, ಬಂಡೀಪುರದ ಮೂಲಕ ಗುಂಡ್ಲುಪೇಟೆಗೂ ಹೋಗುತ್ತದೆ. ಎರಡನೆಯದು ಕಲ್ಲಟ್ಟಿಯ ಘಾಟಿ, ಅಂದರೆ ಸೀಗೂರು ಘಾಟಿ. ಮೂವತ್ತಾರು ತಿರುವುಗಳಲ್ಲಿ ನೇರವಾಗಿ ಮಸಿನಗುಡಿಯ ಬಯಲಿಗೆ ಬೀಳುವ ದಾರಿ. ಮೈಸೂರಿಗೆ ಇದು ಹತ್ತಿರ, ಆದರೆ ಕಡಿದು. ಊಟಿಯ ಎತ್ತರ 2240 ಮೀಟರು, ಮಸಿನಗುಡಿಯದು ಸುಮಾರು 1000. ಈ ಅಂತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ದಾರಿಗಳ ಹೆಸರುಗಳನ್ನು ಒಮ್ಮೆ ಹೇಳಿಕೊಂಡು ನೋಡಿ: ದೊಡ್ಡಬೆಟ್ಟ, ಮಸಿನಗುಡಿ, ಕಲ್ಲಟ್ಟಿ. ಕನ್ನಡಕ್ಕೆ ಬಹು ಸಮೀಪವಾದ ಬಡಗ ನುಡಿಯ ಹಟ್ಟಿಗಳು ಬೆಟ್ಟದ ತುಂಬ ಇವೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು. ಗೆರೆಯ ಆಚೀಚೆ ಉಳಿದ ಬಂಧುಗಳನ್ನು ಕಾಣಲು ಇದ್ದದ್ದು ಬಸ್ಸು ಮತ್ತು ಬಾಡಿಗೆ ಕಾರು. ಹಾಗಾಗಿ ನಮ್ಮಂಥ ಮನೆಗಳಿಗೆ ಮೋಟಾರು ಕೆಟ್ಟು ನಿಲ್ಲುವುದೆಂದರೆ ಬರೀ ಯಂತ್ರದ ಸಂಗತಿಯಲ್ಲ. ಮದುವೆಗೆ ತಲುಪುವುದು, ಹೆರಿಗೆಗೆ ತಲುಪುವುದು, ಸಾವಿಗೆ ತಲುಪುವುದು ಎಲ್ಲವೂ ಅದರ ಮೇಲೆ ನಿಂತಿತ್ತು.

ಬಂಡಿಗಳು ಬಂದ ಬಗೆ

ಮೋಟಾರು ಈ ದೇಶದಲ್ಲಿಯೇ ತಯಾರಾಗಬೇಕೆಂದು ಮೊದಲು ಹಟ ಹಿಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಕಾರಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರಖಾನೆ ಆಗಲೆಂದು ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಲ್‌ಚಂದರ ವಿಮಾನ ಕಾರಖಾನೆ ಬಂತು, ಮೋಟಾರು ಕಾರಖಾನೆ ಬರಲಿಲ್ಲ. ಅದು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ನಾವು ‘ಫಿಯೆಟ್’ ಎಂದು ಕರೆಯುತ್ತಿದ್ದ, ಆಮೇಲೆ ‘ಪದ್ಮಿನಿ’ಯಾದ ಕಾರು ಹುಟ್ಟಿದ್ದು ಅಲ್ಲಿಯೇ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರದು. ಕಲ್ಕತ್ತದ ಹತ್ತಿರ ಉತ್ತರಪಾರದಲ್ಲಿ ಅವರು ತಯಾರಿಸಿದ ಅಂಬಾಸಿಡರ್ ಐವತ್ತರ ದಶಕದ ಕೊನೆಗೆ ರಸ್ತೆಗೆ ಬಂದು, 2014ರವರೆಗೆ ನಡೆಯಿತು. 1961ರಲ್ಲಿ ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್ ಬಂತು. ಹೆಚ್ಚುಕಡಿಮೆ ಮೂರು ದಶಕ ನಮ್ಮ ಘಟ್ಟಗಳನ್ನು ಹತ್ತಿದ ಕಾರುಗಳು ಮುಖ್ಯವಾಗಿ ಇವು ಮೂರೇ. ಇವುಗಳ ಜೊತೆಗೆ ತೋಟಗಳ ಜೀಪು.

ಬಸ್ಸಿನ ಕತೆ ಇನ್ನೂ ಹಿಂದಿನದು. ದಕ್ಷಿಣ ಕನ್ನಡ, ಕಾಸರಗೋಡಿನ ಹಿರಿಯರ ಬಾಯಲ್ಲಿ ‘ಸಿ.ಪಿ.ಸಿ.’ ಎಂಬ ಮೂರಕ್ಷರ ಈಗಲೂ ಇದೆ. ಮೈಸೂರು ಸರಕಾರ ತನ್ನದೇ ಬಸ್ಸುಗಳನ್ನು ಓಡಿಸತೊಡಗಿದ್ದು 1948ರ ಸೆಪ್ಟೆಂಬರ್ 12ರಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಹಿಂಬದಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡಿದವು. ಕ್ಲೀನರು ಬೆಳಗ್ಗೆ ಬೇಗನೆ ಎದ್ದು ಒಲೆ ಉರಿಸಬೇಕು, ತಿದಿಯ ಚಕ್ರ ತಿರುಗಿಸಬೇಕು. ಇದ್ದಿಲ ಗ್ಯಾಸಿಗೆ ಪೆಟ್ರೋಲಿನ ಕಸುವಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದು, ನೂಕುವುದು ಸಾಮಾನ್ಯವಾಗಿತ್ತು. ಇಂಜಿನು ಏಕೆ ಸೋತಿತು ಎಂದು ಕೇಳುವ ಅಭ್ಯಾಸ ನಮ್ಮ ಜನಕ್ಕೆ ಆಗಿನಿಂದಲೇ ಬಂದಿರಬೇಕು.

ಬೆಟ್ಟದ ಗಾಳಿ ಮಾಡುವ ಕೆಲಸ

ಹಳೆಯ ಪೆಟ್ರೋಲು ಇಂಜಿನು ಬೇಡುವುದು ಮೂರು: ತಕ್ಕಷ್ಟು ಪೆಟ್ರೋಲು ಕಲೆತ ಗಾಳಿ, ಆ ಮಿಶ್ರಣವನ್ನು ಒತ್ತಿ ಹಿಡಿಯುವ ಬಿಗಿ, ಸರಿಯಾದ ಗಳಿಗೆಗೆ ಕಿಡಿ. ಬಯಲಿನಲ್ಲಿ ಸರಿಯಿದ್ದ ಈ ಮೂರರ ಹೊಂದಿಕೆ ಬೆಟ್ಟದ ಮೇಲೆ ಕೆಡುತ್ತದೆ. ಊಟಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಗಾಳಿ ತೆಳುವಾದುದನ್ನು ಕಾರ್ಬರೇಟರು ತಾನಾಗಿ ಅರಿಯುವುದಿಲ್ಲ. ಬಯಲಿನಲ್ಲಿ ಬಿಟ್ಟಂತೆಯೇ ಪೆಟ್ರೋಲು ಬಿಡುತ್ತ ಹೋಗುತ್ತದೆ. ಮಿಶ್ರಣ ದಪ್ಪವಾಗಿ ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿನ ಮೂತಿಗೆ ಮಸಿ ಹಿಡಿಯುತ್ತದೆ. ಬಯಲಿನವರು ‘ಊಟಿಗೆ ಬಂದರೆ ಗಾಡಿಗೆ ಪಿಕಪ್ ಇಲ್ಲ’ ಎನ್ನುತ್ತಿದ್ದುದು ಇದನ್ನೇ. ಇಂಜಿನು ಅಲ್ಲಿ ತನ್ನ ಶಕ್ತಿಯ ಐದನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಆಗ ಗೇರು ಇಳಿಸಬೇಕೇ ಹೊರತು ರಿಪೇರಿ ಮಾಡಿಸಬಾರದು.

ನೀರು ಕೂಡ ಅಲ್ಲಿ 100 ಡಿಗ್ರಿಗೆ ಕಾಯುವುದಿಲ್ಲ, ಸುಮಾರು 92-93 ಡಿಗ್ರಿಗೇ ಕುದಿಯುತ್ತದೆ. ಊಟಿಯಲ್ಲಿ ಬೇಳೆ ಬೇಯಿಸಿದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಗಿ ಮುಚ್ಚಳವಿಲ್ಲದ ಹಳೆಯ ರೇಡಿಯೇಟರುಗಳು ಬೇಗ ಕುದಿಯುತ್ತಿದ್ದುದೂ ಅದೇ ಕಾರಣಕ್ಕೆ. ಪೆಟ್ರೋಲಿನ ಕತೆಯೂ ಹಾಗೆಯೇ. ಕಾದ ಇಂಜಿನಿಗೆ ಅಂಟಿಕೊಂಡಿರುವ ಪಂಪಿನಲ್ಲಿ, ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಪಂಪು ದ್ರವವನ್ನು ತಳ್ಳಬಲ್ಲುದು, ಗುಳ್ಳೆಯನ್ನು ತಳ್ಳಲಾರದು. ಆಗ ಡ್ರೈವರರು ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೀಡಿ ಹಚ್ಚಲು ದೂರ ಹೋಗಿ ಕೂರುತ್ತಿದ್ದರು. ಘಟ್ಟದಲ್ಲಿ ಕಾರು ನಿಂತಿತೆಂದರೆ ನೂರಕ್ಕೆ ತೊಂಬತ್ತು ಮಂದಿ ‘ಹೀಟ್ ಆಗಿದೆ’ ಎಂದು ತೀರ್ಮಾನಿಸುತ್ತಿದ್ದುದು ಇದರಿಂದಲೇ. ಈ ತೀರ್ಮಾನ ಎಷ್ಟು ಮನೆಗಳ ಹಣ ತಿಂದಿತೋ ಲೆಕ್ಕವಿಟ್ಟವರಿಲ್ಲ.

ನಾಡಿ ನೋಡುವ ಕ್ರಮ

ಒಳ್ಳೆಯ ಮೇಸ್ತ್ರಿಗೂ ಸಾಧಾರಣ ಮೇಸ್ತ್ರಿಗೂ ಇದ್ದ ವ್ಯತ್ಯಾಸ ಒಂದೇ. ಸಾಧಾರಣದವನು ಮೊದಲು ಸ್ಪ್ಯಾನರು ತೆಗೆಯುತ್ತಿದ್ದ. ಒಳ್ಳೆಯವನು ಮೊದಲು ಪ್ರಶ್ನೆ ಕೇಳುತ್ತಿದ್ದ.

ಕಾರು ನಿಂತದ್ದು ಹೇಗೆ? ದೀಪ ಊದಿದಂತೆ ಒಮ್ಮೆಲೇ ಆರಿತೋ, ಎಣ್ಣೆ ಮುಗಿದ ದೀಪದಂತೆ ಮಿಣುಕಿ ಮಿಣುಕಿ ಆರಿತೋ? ಒಮ್ಮೆಲೇ ಆರಿದರೆ ಕಿಡಿಯ ಕಡೆ ನೋಡು: ಕಾಯಿಲು, ಕಂಡೆನ್ಸರು, ಪಾಯಿಂಟು, ಕಳಚಿದ ವೈರು. ಕೆಮ್ಮಿ ಕೆಮ್ಮಿ ಆರಿದರೆ ಪೆಟ್ರೋಲಿನ ದಾರಿ ನೋಡು: ಟ್ಯಾಂಕು, ಕೊಳವೆ, ಪಂಪು, ಕಾರ್ಬರೇಟರಿನ ಜೆಟ್ಟು. ನಿಲ್ಲದೆ, ಬರೀ ಶಕ್ತಿ ಕಡಿಮೆಯಾಗಿದ್ದರೆ ಬಿಗಿ ನೋಡು: ವಾಲ್ವು, ರಿಂಗು, ಹೆಡ್ ಗ್ಯಾಸ್ಕೆಟ್ಟು.

ಆಮೇಲೆ ಹೊಗೆ. ಕಪ್ಪಾದರೆ ಪೆಟ್ರೋಲು ಹೆಚ್ಚು. ನೀಲಿಯಾದರೆ ಆಯಿಲು ಒಳಗೆ ಉರಿಯುತ್ತಿದೆ. ಇಂಜಿನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಆಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೋ, ಡಿಪ್‌ಸ್ಟಿಕ್ಕಿನ ಆಯಿಲು ಹಾಲು ಬೆರೆಸಿದ ಕಾಫಿಯಂತೆ ಆಗಿದೆಯೋ ನೋಡಬೇಕು. ಬಳಿಕ ಪ್ಲಗ್ಗಿನ ಮೂತಿ: ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ, ಒಣ ಮಸಿಯಿದ್ದರೆ ದಪ್ಪ ಮಿಶ್ರಣ, ಜಿಡ್ಡು ಮಸಿಯಿದ್ದರೆ ಆಯಿಲು, ಸುಣ್ಣದಂತೆ ಬೆಳ್ಳಗಾಗಿದ್ದರೆ ಅತಿ ಕಾವು. ‘ಮಿಸ್ಸಿಂಗ್’ ಹೊಡೆಯುತ್ತಿದ್ದರೆ ಇಂಜಿನು ನಡೆಯುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆಯುವುದು. ಯಾವುದನ್ನು ಎಳೆದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಮೊದಲೇ ಸತ್ತಿದೆ ಎಂದು ಅರ್ಥ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಟ್ಯಾಪೆಟ್ಟಿನ ಟಕಟಕವೂ ಬೇರಿಂಗಿನ ಗುದ್ದೂ ಬೇರೆ ಬೇರೆಯಾಗಿ ಕೇಳುತ್ತವೆ.

ಈ ವಿದ್ಯೆಯ ಮೂಲ ಸೂತ್ರ ಇಷ್ಟು: ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಏಕೆ ಗುಣವಾಯಿತೆಂದು ತಿಳಿಯುವುದಿಲ್ಲ. ಅಗ್ಗದ್ದನ್ನು ಮೊದಲು ನೋಡು, ದುಬಾರಿಯದನ್ನು ಕೊನೆಗೆ ನೋಡು.

ನಮ್ಮ ಮನೆಯ ಕಾರು

ಇನ್ನು ನಮ್ಮ ಮನೆಯ ಮಾತು. 1985ನೆಯ ಇಸವಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ಕನ್ನಡ ಓದು ಬರಹವನ್ನು ಅಪ್ಪನೇ ರಾತ್ರಿ ಲಾಟೀನಿನ ಮುಂದೆ ಕೂರಿಸಿ ಕಲಿಸಿದ್ದರು. ಅಪ್ಪನ ಬಾಡಿಗೆ ಕಾರು ಹಳೆಯದು, ಪೆಟ್ರೋಲಿನದು. ಊಟಿಯಿಂದ ಮೈಸೂರಿಗೆ ಹೋಗುವ ಗಿರಾಕಿಗಳೇ ನಮ್ಮ ಅನ್ನ.

ಆ ವರ್ಷ ಕಾರಿಗೆ ವಿಚಿತ್ರ ರೋಗ ಹಿಡಿಯಿತು. ಮಸಿನಗುಡಿ ದಾಟಿ ತೆಪ್ಪಕಾಡಿನ ಕಡೆಗೆ ಕಾಡಿನ ಸಮದಾರಿಯಲ್ಲಿ ಹೋಗುವಾಗ ಕೆಮ್ಮಿ ಕೆಮ್ಮಿ ನಿಲ್ಲುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುವುದು. ಮುದುಮಲೆಯ ಕಾಡು, ಸಂಜೆ ಹೊತ್ತು, ಆನೆ ದಾಟುವ ಜಾಗ. ಹಿಂದಿನ ಸೀಟಿನಲ್ಲಿ ಪರವೂರಿನ ಗಿರಾಕಿಗಳು ಉಸಿರು ಬಿಗಿ ಹಿಡಿದು ಕೂತಿರುತ್ತಿದ್ದರು. ಒಮ್ಮೆ ವಯಸ್ಸಾದ ದಂಪತಿಗಳಿಗೆ ಮೈಸೂರಿನಲ್ಲಿ ರಾತ್ರಿಯ ರೈಲು ತಪ್ಪಿತು. ಅಪ್ಪ ಬಾಡಿಗೆ ಹಣವನ್ನು ಹಿಂದಕ್ಕೆ ಕೊಟ್ಟು ಬಂದರು. ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತು. ಗಿರಾಕಿಗಳು ಬೇರೆ ಕಾರು ಹತ್ತತೊಡಗಿದರು.

ಒಂದು ವರ್ಕ್‌ಶಾಪಿನಲ್ಲಿ ‘ಹೀಟ್’ ಎಂದರು. ರೇಡಿಯೇಟರು ತೊಳೆದರು. ಪ್ಲಗ್, ಪಾಯಿಂಟು, ಕಾಯಿಲು ಬದಲಿಸಿದರು. ಕಾರು ಮತ್ತೆ ನಿಂತಿತು. ಕೊನೆಗೆ ‘ಇಂಜಿನ್ ಸುಸ್ತಾಗಿದೆ, ಬೋರ್ ಮಾಡಿಸಬೇಕು’ ಎಂದರು. ಅಮ್ಮನ ಎರಡು ಬಳೆ ಗಿರವಿ ಅಂಗಡಿ ಸೇರಿದವು. ಹೊಸ ಪಿಸ್ಟನ್ನು, ಹೊಸ ರಿಂಗು ಬಂದವು. ಮುಂದಿನ ಟ್ರಿಪ್ಪಿನಲ್ಲಿ, ಅದೇ ಕಾಡಿನಲ್ಲಿ, ಅದೇ ರೀತಿ ನಿಂತಿತು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಗೂಡಲೂರಿನಲ್ಲಿ ಮಲಪ್ಪುರದ ಕಡೆಯಿಂದ ಬಂದು ನೆಲೆಸಿದ್ದ ಮುದಿ ಮೇಸ್ತ್ರಿಯೊಬ್ಬರಿದ್ದರು. ಎಲ್ಲರೂ ಅವರನ್ನು ‘ಕಾಕ’ ಎನ್ನುತ್ತಿದ್ದರು. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಅಪ್ಪ ಅವರ ಮನೆ ಬಾಗಿಲಿಗೆ ಕಾರು ತಂದು ನಿಲ್ಲಿಸಿದರು. ಕಾಕ ಬಾನೆಟ್ಟು ಎತ್ತಲಿಲ್ಲ. ಜಗಲಿಯಲ್ಲಿ ಕೂರಿಸಿ, ಕಟ್ಟನ್ ಚಹಾ ಕೊಡಿಸಿ, ಕೇಳಿದರು:

“ಗೌಡ್ರೇ, ಹತ್ತುವಾಗ ನಿಂತದ್ದುಂಟಾ?”

“ಇಲ್ಲ ಕಾಕ. ಒಮ್ಮೆಯೂ ಇಲ್ಲ.”

“ಹತ್ತುವಾಗ ನಿಲ್ಲದ್ದಕ್ಕೆ ಬೋರ್ ಯಾಕೆ ಮಾಡಿಸಿದಿರಿ? ಇಂಜಿನಿಗೆ ಪರೀಕ್ಷೆ ಇರುವುದು ಹತ್ತುವಾಗ. ಅದರಲ್ಲಿ ಪಾಸಾದದ್ದು ಇಳಿದು ಬಂದು ಸಮದಾರಿಯಲ್ಲಿ ಫೇಲಾಗುವುದಾ?”

ಅಪ್ಪ ಮಾತಾಡಲಿಲ್ಲ. ಕಾಕ ಮತ್ತೆ ಕೇಳಿದರು: “ಮಳೆ ಇದ್ದಾಗಲೂ ನಿಂತಿದೆಯಾ?”

ಅಪ್ಪನಿಗೆ ನೆನಪಿರಲಿಲ್ಲ. ಆದರೆ ಅಪ್ಪನ ಹತ್ತಿರ ಲೆಕ್ಕದ ಪುಸ್ತಕವಿತ್ತು. ಉದ್ದನೆಯ, ಕೆಂಪು ರಟ್ಟಿನ ಪುಸ್ತಕ. ತಾರೀಕು, ಗಿರಾಕಿ, ದಾರಿ, ಪೆಟ್ರೋಲು, ಖರ್ಚು, ಜೊತೆಗೆ ಒಂದು ಸಾಲು ಟಿಪ್ಪಣಿ, ಎಲ್ಲವೂ ಕನ್ನಡದಲ್ಲಿ. ಕಾಕನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಒಂದೊಂದೇ ಪುಟ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಪುಸ್ತಕ ಹೇಳಿದ್ದು ಹೀಗೆ. ಕಾರು ನಿಂತದ್ದು ಐದು ಸಲ. ಐದೂ ಸಲ ಊಟಿಯಿಂದ ಕಲ್ಲಟ್ಟಿ ಇಳಿದು ಬಂದ ದಿನವೇ. ಅವುಗಳಲ್ಲಿ ಒಂದು ದಿನ ಜಡಿಮಳೆ. ಅಂದರೆ ಕಾವಿನ ಮಾತು ಅಲ್ಲಿಗೆ ಬಿತ್ತು. ಗೂಡಲೂರಿನ ದಾರಿಯಾಗಿ ಇಳಿದ ದಿನಗಳಲ್ಲಿ ಒಮ್ಮೆಯೂ ನಿಂತಿಲ್ಲ. ಆ ದಿನಗಳಲ್ಲೆಲ್ಲ ಇಳಿದ ಕೂಡಲೇ ಗೂಡಲೂರಿನಲ್ಲಿ ಪೆಟ್ರೋಲು ಹಾಕಿಸಿದ ಲೆಕ್ಕವಿದೆ. ನಾಲ್ಕನೆಯ ಸಲ ನಿಂತ ದಿನದ ಟಿಪ್ಪಣಿ: ‘ಪೆಟ್ರೋಲು ಮುಗಿಯಿತೋ ಎಂದು ಟ್ಯಾಂಕಿಗೆ ಕಡ್ಡಿ ಹಾಕಿ ನೋಡಿದೆ. ಇತ್ತು. ಕೂಡಲೇ ಸ್ಟಾರ್ಟ್ ಆಯಿತು, ದೇವರ ದಯೆ.’

ಕಾಕ ಕಣ್ಣು ಬಿಟ್ಟರು. “ಮೋನೇ, ಇನ್ನೊಮ್ಮೆ ಓದು.” ಓದಿದೆ. “ಇನ್ನೂ ಹಿಂದೆ ಹೋಗು. ರೋಗ ಶುರುವಾಗುವ ಮುಂಚೆ ಏನು ಕೊಂಡಿದ್ದಾರೆ, ನೋಡು.”

ಮೊದಲ ಸಲ ನಿಲ್ಲುವುದಕ್ಕೆ ಒಂಬತ್ತು ದಿನ ಮುಂಚಿನ ಸಾಲು: ‘ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ಮರೆತುಹೋಯಿತು. ಹೊಸ ಮುಚ್ಚಳ 12 ರೂಪಾಯಿ.’

ಕಾಕ ಎದ್ದು ಲುಂಗಿ ಕಟ್ಟಿಕೊಂಡರು. “ಶರಿ, ನಾಳೆ ಊಟಿಗೆ ಹೋಗುವ” ಎಂದರು.

ಮರುದಿನ ಮೂವರೂ ಊಟಿಗೆ ಹೋದೆವು. ಅಲ್ಲಿ ಕಾಕ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಬಿಗಿದರು. ಕಲ್ಲಟ್ಟಿಯ ಮೂವತ್ತಾರು ತಿರುವು ಇಳಿದು ಮಸಿನಗುಡಿಯಲ್ಲಿ ನಿಲ್ಲಿಸಿದೆವು. ಕಾಕ ನನ್ನ ಕಿವಿಯನ್ನು ಟ್ಯಾಂಕಿನ ಬಾಯಿಗೆ ಹತ್ತಿರ ಹಿಡಿಸಿ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿದರು. ‘ಉಸ್ಸ್’ ಎಂದು ಗಾಳಿ ಒಳಗೆ ನುಗ್ಗಿತು. ಅದು ಹೊರಗೆ ಬಂದ ಗಾಳಿಯಲ್ಲ, ಒಳಗೆ ಹೋದ ಗಾಳಿ. ಹಾಗೆಂದು ಅವರು ನನಗೆ ಎರಡು ಸಲ ಹೇಳಿದರು.

ವಿಷಯ ಇಷ್ಟು. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದು ಆ ಕಾರಿನ ಹಳೆಯ ಮುಚ್ಚಳದಲ್ಲಿ ಸಣ್ಣ ತೂತಿತ್ತು. ಬೇರೆ ದಾರಿಯಿಂದ ಉಸಿರಾಡುವ ಟ್ಯಾಂಕುಗಳ ಕಾರುಗಳೂ ಇವೆ. ಅವುಗಳ ಮುಚ್ಚಳಕ್ಕೆ ತೂತು ಬೇಡ. ಹೊಸದಾಗಿ ಕೊಂಡದ್ದು ಅಂಥದು. ಅಳತೆಗೆ ಸರಿಹೊಂದಿತು, ಆದರೆ ತೂತಿರಲಿಲ್ಲ. ಬಯಲಿನಲ್ಲಿ ವಾಷರಿನ ಸಂದಿನಿಂದ ನುಸುಳುವ ಅಷ್ಟಿಷ್ಟು ಗಾಳಿಯೇ ಸಾಕಾಗುತ್ತಿತ್ತು. ಹತ್ತುವಾಗ ಹೊರಗಿನ ಗಾಳಿ ತೆಳುವಾಗುತ್ತ ಹೋಗುವುದರಿಂದ ತೊಂದರೆ ಕಾಣುತ್ತಿರಲಿಲ್ಲ. ಇಳಿಯುವಾಗ ಮಾತ್ರ, ಟ್ಯಾಂಕಿನೊಳಗೆ ಊಟಿಯ ತೆಳು ಗಾಳಿ, ಹೊರಗೆ ಮಸಿನಗುಡಿಯ ದಪ್ಪ ಗಾಳಿ. ಒಂದು ಗಂಟೆಯೊಳಗೆ 1200 ಮೀಟರು ಇಳಿದಾಗ ಸಂದಿನ ಗಾಳಿ ಸಾಲದೆ ಟ್ಯಾಂಕು ಪೆಟ್ರೋಲನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತಿತ್ತು. ಇಳಿಜಾರಿನಲ್ಲಿ ಇಂಜಿನಿಗೆ ಪೆಟ್ರೋಲು ಹೆಚ್ಚು ಬೇಡ, ಕಾರ್ಬರೇಟರಿನಲ್ಲಿದ್ದದ್ದು ಸಾಕು. ಸಮದಾರಿಗೆ ಬಂದು ಆಕ್ಸಿಲರೇಟರು ತುಳಿದಾಗ ಪಂಪು ಸೋಲುತ್ತಿತ್ತು. ಅರ್ಧ ಗಂಟೆ ನಿಂತರೆ ಸಂದಿನಿಂದ ಗಾಳಿ ತುಂಬಿ ಸರಿಹೋಗುತ್ತಿತ್ತು. ಕಡ್ಡಿ ಹಾಕಿದ ದಿನ ಮುಚ್ಚಳ ತೆಗೆದದ್ದೇ ಔಷಧಿಯಾಗಿತ್ತು.

ಊಟಿಯಲ್ಲಿ ಕುಡಿದು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ಮೇಟ್ಟುಪಾಳ್ಯ ಮುಟ್ಟುವಾಗ ಸೊಟ್ಟಗಾಗುವುದನ್ನು, ಜಿಲ್ಲೆಯಲ್ಲಿ ಅಂಥ ಬಾಟಲಿಗಳಿಗೆ ನಿಷೇಧ ಬರುವ ಮೊದಲು, ಎಷ್ಟೋ ಜನ ನೋಡಿದ್ದಾರೆ. ಅದೇ ವಿದ್ಯೆ ಇದು.

ಕಾಕ ಮಸಿನಗುಡಿಯ ಚಹಾದಂಗಡಿಯಲ್ಲಿ ಒಂದು ಮೊಳೆ ಕೇಳಿ ಪಡೆದು, ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಸೂಜಿಗಾತ್ರದ ತೂತು ಮಾಡಿ, ಉಪ್ಪುಕಾಗದದಿಂದ ಉಜ್ಜಿದರು. ಕೈಗೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ರೋಗ ಹಿಡಿದದ್ದು ನಾನಲ್ಲ, ನಿಮ್ಮ ಪುಸ್ತಕ. ಮಗನಿಗೆ ಕನ್ನಡ ಕಲಿಸಿದ್ದೀರಲ್ಲ, ಅದಕ್ಕೆ ಬಿದ್ದ ಖರ್ಚು ಇವತ್ತು ಬಂತು” ಎಂದರು. ಕಾರು ಆಮೇಲೆ ಆ ಕಾಡಿನಲ್ಲಿ ನಿಲ್ಲಲಿಲ್ಲ. ಬಳೆ ಬಿಡಿಸಲು ಮಾತ್ರ ಎರಡು ವರ್ಷ ಬೇಕಾಯಿತು.

ಇಂದಿನ ಮಾತು

1983ರಲ್ಲಿ ಮಾರುತಿ ಬಂದ ಮೇಲೆ ಹಳೆಯ ಮೂರು ಕಾರುಗಳ ಆಳ್ವಿಕೆ ಸಡಿಲವಾಯಿತು. 2000ದಲ್ಲಿ ಹೊಗೆಯ ಹೊಸ ಕಟ್ಟಳೆಗಳು ಬಂದು ಕಾರುಗಳಿಂದ ಕಾರ್ಬರೇಟರು ಮರೆಯಾಗತೊಡಗಿತು. ಈಗಿನ ಇಂಜಿನು ತಾನೇ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಹೊಂದಿಸಿಕೊಳ್ಳುತ್ತದೆ. ಊಟಿಯಲ್ಲಿ ಅದಕ್ಕೆ ಮಸಿ ಹಿಡಿಯುವುದಿಲ್ಲ. ಕೆಟ್ಟರೆ ಮೇಸ್ತ್ರಿ ಒಂದು ಯಂತ್ರ ಸಿಕ್ಕಿಸುತ್ತಾನೆ, ಅದು ರೋಗದ ನಂಬರು ಹೇಳುತ್ತದೆ. ನಂಬರು ಹೇಳುವುದು ಎಲ್ಲಿ ನೋವು ಎಂಬುದನ್ನು. ಏಕೆ ಎಂಬುದನ್ನು ಈಗಲೂ ಮನುಷ್ಯನೇ ಕೇಳಬೇಕು.

ದಾರಿಗಳೂ ಬದಲಾಗಿವೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ಕಲ್ಲಟ್ಟಿಯ ಇಳಿಜಾರಿನಲ್ಲಿ ಅಪಘಾತಗಳಾದ ಮೇಲೆ ಹೊರಗಿನ ವಾಹನಗಳಿಗೆ ನಿರ್ಬಂಧ ಬಂದಿದೆ. 2024ರ ಮೇ ತಿಂಗಳಿಂದ ಊಟಿಗೆ ಬರುವ ಪ್ರವಾಸಿಗಳಿಗೆ ಇ-ಪಾಸ್ ಬೇಕಾಗಿದೆ. ಹಳೆಯ ಕಾರುಗಳನ್ನು ಒಲವಿನಿಂದ ಇಟ್ಟುಕೊಂಡವರು ಮಾತ್ರ ಈಗಲೂ ಘಟ್ಟದಲ್ಲಿ ಬಾನೆಟ್ಟು ಎತ್ತಿ ನಿಂತಿರುವುದನ್ನು ಕಾಣುತ್ತೇನೆ. ಅವರ ಹತ್ತಿರ ನಿಂತು ನಾನು ಮೊದಲು ಕೇಳುವ ಮಾತು, ‘ಹತ್ತುವಾಗಲೋ, ಇಳಿದ ಮೇಲೋ?’

ಕಾಕನೂ ಇಲ್ಲ, ಅಪ್ಪನೂ ಇಲ್ಲ. ಕಾರು ತೂಕಕ್ಕೆ ಹೋಯಿತು. ಕೆಂಪು ರಟ್ಟಿನ ಪುಸ್ತಕ ನನ್ನಲ್ಲಿದೆ. ಅದರಲ್ಲಿ ಗೂಡಲೂರಿನ ಪೆಟ್ರೋಲು ದರವಿದೆ, ಮಳೆ ಬಂದ ದಿನಗಳಿವೆ, ದಾರಿಯಲ್ಲಿ ಆನೆ ಕಂಡ ಜಾಗಗಳಿವೆ, ಮಲಯಾಳದ ಸಾಮಾನುಗಳ ಹೆಸರು ಕನ್ನಡ ಅಕ್ಷರದಲ್ಲಿದೆ, ತಮಿಳಿನ ಊರುಗಳ ಹೆಸರು ಅಪ್ಪನ ಉಚ್ಚಾರದಲ್ಲಿದೆ. ಗಡಿನಾಡಿನ ಕನ್ನಡ ಮನೆಗಳ ಅಟ್ಟದ ಮೇಲೆ ಇಂಥ ಪುಸ್ತಕಗಳು ಇನ್ನೂ ಇರಬಹುದು. ಅಡಿಕೆ ಲೆಕ್ಕದ್ದೋ, ಹಾಲಿನ ಲೆಕ್ಕದ್ದೋ, ಬಸ್ಸಿನ ಟ್ರಿಪ್ಪಿನದೋ. ಗೆದ್ದಲು ಹಿಡಿಯುವ ಮೊದಲು ಇಳಿಸಿ ನೋಡಿ. ಓದಬಲ್ಲ ಮಗುವೊಂದು ಮನೆಯಲ್ಲಿದ್ದರೆ ಅದರ ಕೈಯಲ್ಲಿ ಓದಿಸಿ. ಓದಲು ಬಾರದಿದ್ದರೆ, ಆ ಪುಸ್ತಕವನ್ನೇ ಮುಂದಿಟ್ಟುಕೊಂಡು ಕಲಿಸಿ.